ಹೊಳೆ ದಂಡೆಯ ಮಕ್ಕಳು, ಮಾಲವಣದ ಸಮುದ್ರ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾರ್ಯಕ್ರಮ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಎಂಜಿನಿಯರಿಂಗ್ ಮತ್ತು ಉದ್ಯೋಗಾವಕಾಶಗಳು’ ಎಂದು ಅಚ್ಚಾಗಿದೆ. ನನಗಿಂತ ಮೊದಲು ಮಾತಾಡಿದ ಇಬ್ಬರು ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಅದನ್ನೇ ಮೂರನೆಯ ಸಲ ಹೇಳಿ ಮಕ್ಕಳಿಗೆ ನಿದ್ದೆ ತರಿಸುವುದು ಬೇಡ ಎಂದು ಹೆಡ್‌ಮಾಸ್ತರರ ಒಪ್ಪಿಗೆ ಕೇಳಿ ವಿಷಯ ಬದಲಿಸಿದ್ದೇನೆ.

ನಿನ್ನೆ ಸಂಜೆ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಒಂದು ಮಾತು ಬಂತು. ಮಹೋತ್ಸವಕ್ಕೆ ಕೂಡಿಸಿದ ಹಣದಲ್ಲಿ ಉಳಿದದ್ದನ್ನು ಒಂಬತ್ತನೆಯ ತರಗತಿಯ ಪ್ರವಾಸಕ್ಕೆ ಕೊಡೋಣ, ಈ ಸಲ ಮಕ್ಕಳಿಗೆ ಸಮುದ್ರ ತೋರಿಸೋಣ ಎಂದು ಕೆಲವರು ಹೇಳಿದರು. ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು. “ಸಮುದ್ರ ಬ್ಯಾಡ್ರಿ. ಟಿವಿಯಾಗ ನೋಡೇವಿ ಏನೇನ್ ಆಗ್ತೈತಿ ಅಂತ. ನಮ್ಮ ಹುಡುಗಿ ಗೋಳಗುಮ್ಮಟ ನೋಡಿ ಬರಲಿ, ಅಷ್ಟ ಸಾಕು” ಎಂದರು. ಸಭೆ ಸುಮ್ಮನಾಯಿತು. ಅವರ ಮಾತಿಗೆ ಅಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅದು ತೇಲಿಸಿಬಿಡುವ ಮಾತಲ್ಲ, ಕೂತು ಯೋಚಿಸಬೇಕಾದ ಮಾತು. ರಾತ್ರಿ ನಾನು ಅದನ್ನೇ ಯೋಚಿಸಿದೆ. ಪುಣೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಮಾಲವಣಕ್ಕೆ ಆರು ಸಲ ಹೋಗಿದ್ದೇನೆ. ಮೊದಲ ಸಲ ಆಫೀಸಿನ ಗೆಳೆಯರ ಜೊತೆ, ಆಮೇಲೆ ಅಪ್ಪ ಅವ್ವನನ್ನು ಕರೆದುಕೊಂಡು, ಕಡೆಯ ಎರಡು ಸಲ ಸುಮ್ಮನೆ ನನ್ನ ಸಲುವಾಗಿ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಕ್ಕಳನ್ನು ಕರೆದೊಯ್ಯಬೇಕು ಅಂತಲೇ ನನ್ನ ಅಭಿಪ್ರಾಯ. ಆದರೆ ಹೇಗೆ ಎಂಬುದನ್ನೂ ಹೇಳಬೇಕು. ಬರೀ ‘ಹೋಗಿ ಬನ್ನಿ’ ಎಂದರೆ ಆ ತಾಯಿಗೆ ಉತ್ತರ ಕೊಟ್ಟ ಹಾಗಾಗುವುದಿಲ್ಲ.

ಮೊದಲು ದೂರದ ಮಾತು. ಸಮುದ್ರ ಎಂದರೆ ನಮ್ಮ ಕಡೆ ಎಲ್ಲರೂ ಗೋಕರ್ಣ, ಮುರ್ಡೇಶ್ವರ, ಕಾರವಾರ ಅನ್ನುತ್ತಾರೆ. ನಿಪ್ಪಾಣಿಯಿಂದ ಹೊರಟು ಮುದಾಳ ತಿಟ್ಟಾ, ರಾಧಾನಗರಿ, ದಾಜಿಪುರ ದಾಟಿ ಫೋಂಡಾ ಘಾಟ್ ಇಳಿಯುವ ರಸ್ತೆಗೆ ‘ದೇವಗಡ–ನಿಪ್ಪಾಣಿ ರಸ್ತೆ’ ಅಂತಲೇ ಹೆಸರು. ಒಂದು ತುದಿಯಲ್ಲಿ ಸಮುದ್ರ ದಂಡೆಯ ಊರು, ಇನ್ನೊಂದು ತುದಿಯಲ್ಲಿ ನಮ್ಮ ನಿಪ್ಪಾಣಿ. ಅದೇ ರಸ್ತೆಯಲ್ಲಿ ಕಣಕವಲಿ ಮುಟ್ಟಿ ಮಾಲವಣದ ಕಡೆ ತಿರುಗಿದರೆ ಒಟ್ಟು 150 ಕಿಲೋಮೀಟರಿನ ಆಚೀಚೆ. ನಿಪ್ಪಾಣಿಯವರಿಗೆ ಗೋಳಗುಮ್ಮಟ ಎಷ್ಟು ದೂರವೋ ಸಮುದ್ರವೂ ಹೆಚ್ಚುಕಡಿಮೆ ಅಷ್ಟೇ. ಅಥಣಿ, ಕಾಗವಾಡದವರಿಗೆ ಇನ್ನೆರಡು ತಾಸು ಹೆಚ್ಚು ಬೀಳುತ್ತದೆ, ಅದು ನಿಜ. ಆದರೂ ನಮ್ಮ ಐದೂ ತಾಲೂಕಿನ ಎಷ್ಟೋ ಮಕ್ಕಳು ಹತ್ತನೆಯ ತರಗತಿ ಮುಗಿಸುವಾಗಲೂ ಸಮುದ್ರವನ್ನು ಸಿನಿಮಾದಲ್ಲಿ ಮಾತ್ರ ನೋಡಿರುತ್ತಾರೆ.

ಆ ದಾರಿಯೇ ಅರ್ಧ ಪಾಠ. ಮಳೆಗಾಲದಲ್ಲಿ ನಮ್ಮ ಪೇಪರಿನಲ್ಲಿ ‘ರಾಧಾನಗರಿಯ ಸ್ವಯಂಚಾಲಿತ ಗೇಟ್ ತೆರೆದವು’ ಎಂಬ ಸುದ್ದಿ ಬಂದ ಕೂಡಲೆ ಹೊಳೆ ದಂಡೆಯವರು ಪಂಪ್‌ಸೆಟ್ ಎತ್ತುತ್ತಾರಲ್ಲ, ಶಾಹೂ ಮಹಾರಾಜರು ಕಟ್ಟಿಸಲು ಶುರು ಮಾಡಿದ ಆ ಅಣೆಕಟ್ಟು ಈ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ. ಮುಂದೆ ದಾಜಿಪುರದ ಕಾಡು, ಕಾಡುಕೋಣಗಳ ಅಭಯಾರಣ್ಯ. ಅದನ್ನು ದಾಟಿ ಘಾಟಿನ ತಲೆಯ ಮೇಲೆ ಬಸ್ಸು ನಿಲ್ಲಿಸಿ ಮಕ್ಕಳಿಗೆ ಒಂದು ಮಾತು ಹೇಳಬೇಕು. ಇಲ್ಲಿಂದ ಸಮುದ್ರಕ್ಕೆ ಹಕ್ಕಿ ಹಾರಿದರೆ 50 ಕಿಲೋಮೀಟರ್ ಸುಮಾರು. ಏಣಿನ ಪಡುವಣ ಮಗ್ಗುಲಿಗೆ ಬಿದ್ದ ಮಳೆ ಒಂದೆರಡು ದಿನದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಮೂಡಣ ಮಗ್ಗುಲಿಗೆ ಬಿದ್ದದ್ದು ದೂಧಗಂಗೆಗೋ ಪಂಚಗಂಗೆಗೋ ಇಳಿದು, ಕೃಷ್ಣೆಯಾಗಿ ನಮ್ಮ ಹೊಲಗಳ ಪಕ್ಕ ಹಾದು, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಮುಟ್ಟುತ್ತದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರವೂ ಅರಬ್ಬಿ ಸಮುದ್ರದಿಂದ 64 ಕಿಲೋಮೀಟರ್ ಮಾತ್ರ. ಅಷ್ಟು ಹತ್ತಿರದ ಸಮುದ್ರಕ್ಕೆ ಬೆನ್ನು ಹಾಕಿ 1,400 ಕಿಲೋಮೀಟರ್ ಹರಿಯುತ್ತಾಳೆ. ನಮಗೆ ಭೂಗೋಳ ಕಲಿಸಿದ ಸರ್ ಇದನ್ನು ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಿಂದ ಬರೆದಿದ್ದರು. ನನಗೆ ಅದು ತಿಳಿದದ್ದು ಮಾತ್ರ ಆ ಘಾಟಿನ ಮೇಲೆ ನಿಂತಾಗ.

ಇನ್ನೊಂದು ನಂಟೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಪಡುವಣ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಸಮುದ್ರವೂ ಕೆರಳಿರುತ್ತದೆ, ದೋಣಿಗಳನ್ನೆಲ್ಲ ದಂಡೆಗೆ ಎಳೆದು ತೆಂಗಿನ ಗರಿ ಹೊದಿಸಿ ಮಲಗಿಸುತ್ತಾರೆ. ಅವರ ದೋಣಿ ಮಲಗಿಸಿದ ಅದೇ ಮುಂಗಾರು ಘಾಟಿಗೆ ಬಡಿದು ನಮ್ಮ ಹೊಳೆ ತುಂಬಿಸುತ್ತದೆ. 2005, 2019, 2021ರಲ್ಲಿ ನಾವು ದನಕರು ಹೊಡೆದುಕೊಂಡು ಗಂಜಿ ಕೇಂದ್ರಕ್ಕೆ ಹೋದದ್ದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾವು ನೂಲ ಹುಣ್ಣಿಮೆ ಮಾಡುವ ದಿನವೇ ಅವರ ನಾರಳಿ ಪೌರ್ಣಿಮೆ. ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಶಾಂತವಾಗು ಎಂದು ಬೇಡಿಕೊಂಡು ದೋಣಿ ಇಳಿಸುತ್ತಾರೆ. ನಾವು ಹೊಳೆಗೆ ಬಾಗಿನ ಕೊಡುವುದಿಲ್ಲವೇ, ಹಾಗೆ.

ಈಗ ಮಾಲವಣ. ದೊಡ್ಡ ಊರಲ್ಲ. ಘಾಟು ಇಳಿಯುತ್ತಲೇ ಮಣ್ಣು ಕೆಂಪಾಗುತ್ತದೆ, ಮನೆಗಳು ಚಿರೆಕಲ್ಲಿನವು, ಮೇಲೆ ಹೆಂಚು. ಗೋಡಂಬಿ, ಹಲಸು, ಕೋಕಂ ಗಿಡಗಳು. ಅಂಗಿ ಮೈಗೆ ಅಂಟಿಕೊಳ್ಳುತ್ತದೆ. ಪೇಟೆಯ ಸಣ್ಣ ಓಣಿಗಳಲ್ಲಿ ಖಾಜೆಯ ಅಂಗಡಿಗಳು, ಶುಂಠಿ ಬೆಲ್ಲ ಹಚ್ಚಿದ ಕಡ್ಡಿಯಂಥ ಸಿಹಿ ತಿಂಡಿ. ಮಾತು ಮಾಲವಣಿ. ಮರಾಠಿ ಗೊತ್ತಿರುವ ನಮ್ಮ ಗಡಿಯವರಿಗೆ ಮುಕ್ಕಾಲು ತಿಳಿಯುತ್ತದೆ, ಉಳಿದ ಕಾಲುಭಾಗ ಬೈಗುಳ ಅಂತ ಅವರೇ ನಗುತ್ತಾರೆ.

ಪ್ರವಾಸಿಗರು ಬೆಳಗ್ಗೆ ಒಂಬತ್ತಕ್ಕೆ ಎದ್ದು ಬೀಚಿಗೆ ಹೋಗುತ್ತಾರೆ. ಆಗ ಊರಿನ ಅರ್ಧ ದಿನ ಮುಗಿದಿರುತ್ತದೆ. ಮಕ್ಕಳನ್ನು ಸೂರ್ಯ ಹುಟ್ಟುವ ಹೊತ್ತಿಗೆ ದಂಡೆಗೆ ಕರೆದೊಯ್ಯಬೇಕು. ದೋಣಿಗಳು ಬರುತ್ತವೆ, ಬುಟ್ಟಿಗಳು ಇಳಿಯುತ್ತವೆ, ಉಸುಕಿನ ಮೇಲೆ ಬಂಗಡೆ, ತಾರಲಿ, ಸುರಮೈ ರಾಶಿ ಬೀಳುತ್ತವೆ, ಲಿಲಾವು ಶುರುವಾಗುತ್ತದೆ. ಕೂಗುವವರಲ್ಲಿ, ಕೊಳ್ಳುವವರಲ್ಲಿ ಹೆಂಗಸರೇ ಮುಂದೆ. ನಿಪ್ಪಾಣಿಯ ತಂಬಾಕು ಪೇಟೆ ನೋಡಿದವರಿಗೆ, ಬೆಲ್ಲದ ಸವಾಲು ನೋಡಿದವರಿಗೆ ಆ ಗದ್ದಲ ಹೊಸದಲ್ಲ. ಆದರೆ ನಮ್ಮ ಮಾಲು ನಾಳೆಗೂ ನಿಲ್ಲುತ್ತದೆ, ಅವರದ್ದು ಹತ್ತು ಗಂಟೆಯ ಬಿಸಿಲಿಗೆ ಕೆಡುತ್ತದೆ. ಅದಕ್ಕೇ ಆ ಹೆಂಗಸರ ಲೆಕ್ಕ ಅಷ್ಟು ಚುರುಕು. ನಾನು ದಿನವೂ ಕಂಪ್ಯೂಟರಿನ ಮುಂದೆ ಕೂಡುವವನು. ಅಲ್ಲಿ ಒಬ್ಬ ಅಜ್ಜಿ ಮೂರು ಬುಟ್ಟಿಯ ಬೆಲೆ, ಬರ್ಫಿನ ಖರ್ಚು, ರಿಕ್ಷಾ ಬಾಡಿಗೆ ಕೂಡಿಸಿ ಕಳೆದು ‘ಬೇಡ’ ಎಂದು ತಿರುಗಿ ನಡೆದದ್ದನ್ನು ನೋಡಿದೆ. ನನಗೆ ಮೊಬೈಲು ತೆಗೆಯುವಷ್ಟೂ ಹೊತ್ತಾಗಿರಲಿಲ್ಲ.

ಅದೃಷ್ಟವಿದ್ದರೆ ರಾಪಣ ನೋಡಲು ಸಿಗುತ್ತದೆ. ನಮ್ಮ ಉತ್ತರ ಕನ್ನಡದವರು ಅದನ್ನೇ ರಂಪಣಿ ಎನ್ನುತ್ತಾರೆ. ಬಲೆಯ ಒಂದು ಹಗ್ಗದ ತುದಿಯನ್ನು ದಂಡೆಯಲ್ಲಿ ಬಿಟ್ಟು, ದೋಣಿಯಲ್ಲಿ ಅರ್ಧ ಚಂದ್ರಾಕಾರವಾಗಿ ಬಲೆ ಬಿಡುತ್ತಾ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಂಡೆಗೆ ತರುತ್ತಾರೆ. ಆಮೇಲೆ ಎರಡೂ ಕಡೆ ಸಾಲಾಗಿ ನಿಂತು ಎಳೆಯುವುದು. ಹತ್ತಾರು ಜನ, ತಾಸುಗಟ್ಟಲೆ. ಮುದುಕರೂ ಇರುತ್ತಾರೆ, ಹುಡುಗರೂ ಇರುತ್ತಾರೆ. ಬಂದದ್ದರಲ್ಲಿ ಎಳೆದವರಿಗೆಲ್ಲ ಪಾಲು. ಒಮ್ಮೊಮ್ಮೆ ಇಡೀ ಬೆಳಗು ಎಳೆದರೂ ಎರಡು ಬುಟ್ಟಿ. ನಾನು ಹೋದ ಒಂದು ಸಲ ಹಾಗೇ ಆಯಿತು. ಯಾಕೆ ಎಂದು ಕೇಳಿದರೆ ಒಬ್ಬರು ಸಮುದ್ರದ ಕಡೆ ಕೈ ಮಾಡಿದರು. ಆಳ ನೀರಿನಲ್ಲಿ ದೊಡ್ಡ ದೊಡ್ಡ ಎಂಜಿನ್ ದೋಣಿಗಳು ಪರ್ಸೀನ್ ಬಲೆ ಸುತ್ತಿ ಮೀನಿನ ಹಿಂಡನ್ನೇ ಬಾಚುತ್ತವೆ. ರಾತ್ರಿ ಎಲ್‌ಇಡಿ ದೀಪ ಹಚ್ಚಿ ಮೀನನ್ನು ಬೆಳಕಿಗೆ ಕರೆದು ಹಿಡಿಯುವವರೂ ಇದ್ದಾರೆ. ಹಾಗೆ ದೀಪ ಹಚ್ಚುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ, ಪರ್ಸೀನ್ ಬಲೆಗೆ ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಕಡಿವಾಣ ಹಾಕಿದೆ. ಕಾಗದದ ಮೇಲೆ ಎಲ್ಲ ಇದೆ. ದಂಡೆಗೆ ಬರುವ ಮೀನು ಮಾತ್ರ ಬರಲಿಲ್ಲ. ನಮ್ಮಲ್ಲಿ ಪಕ್ಕದ ಹೊಲದವನು ಎಂಟುನೂರು ಅಡಿ ಬೋರ್ ಹಾಕಿಸಿದ ಮೇಲೆ ಅಜ್ಜ ಅಗೆಸಿದ ಬಾವಿ ಬತ್ತುತ್ತದಲ್ಲ, ಅದನ್ನು ನಾನು ಅವರಿಗೆ ಹೇಳಿದೆ. “ಹಾಂ, ತೇಚ್” ಎಂದರು. ಅದೇ, ಅದೇ ಎಂದು. ಇಂಥ ಮಾತು ನಮ್ಮ ಮಕ್ಕಳ ಕಿವಿಗೆ ಬೀಳಬೇಕು ಎಂದು ನನಗೆ ಅನ್ನಿಸುತ್ತದೆ. ಬೀಚಿನಲ್ಲಿ ಒಂಟೆ ಹತ್ತುವುದಕ್ಕಿಂತ ಇದು ದೊಡ್ಡದು.

ಸಿಂಧುದುರ್ಗವನ್ನು ನೋಡದೆ ಬರುವ ಹಾಗಿಲ್ಲ. ದಂಡೆಯಿಂದ ದೋಣಿಯಲ್ಲಿ ಹದಿನೈದು ನಿಮಿಷ. ಮಳೆಗಾಲದಲ್ಲಿ ದೋಣಿ ಬಂದ್. 1664ರ ನವೆಂಬರ್ 25ರಂದು ಶಿವಾಜಿ ಮಹಾರಾಜರು ಕುರಟೆ ಎಂಬ ನಡುಗಡ್ಡೆಯ ಮೇಲೆ ಅಡಿಗಲ್ಲು ಹಾಕಿಸಿದರು, ಮೂರು ವರ್ಷದಲ್ಲಿ ಕೋಟೆ ಮುಗಿಯಿತು. ಸುಮಾರು 48 ಎಕರೆ. ಗೋಡೆಯ ತಳಪಾಯಕ್ಕೆ ಸೀಸ ಎರೆದು ಕಲ್ಲು ಕೂಡಿಸಿದ್ದಾರೆ. ಬಾಗಿಲು ಹೊರಗಿನಿಂದ ಕಾಣುವುದಿಲ್ಲ, ಎರಡು ಬುರುಜುಗಳ ನಡುವೆ ಅಡಗಿದೆ, ದೋಣಿ ತೀರ ಹತ್ತಿರ ಹೋದ ಮೇಲೇ ಗೊತ್ತಾಗುವುದು. 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠರ 12 ಕೋಟೆಗಳಲ್ಲಿ ಇದೂ ಒಂದು, ನಮ್ಮ ಪಕ್ಕದ ಪನ್ಹಾಳವೂ ಒಂದು. ಇತಿಹಾಸದ ಪುಸ್ತಕದಲ್ಲಿ ಇದೆಲ್ಲ ಸಿಗುತ್ತದೆ. ನನ್ನ ಅಪ್ಪನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅಲ್ಲಿನ ಬಾವಿಗಳು. ದೂಧಬಾವ, ದಹೀಬಾವ, ಸಾಖರಬಾವ, ಮೂರು ಸಿಹಿನೀರಿನ ಬಾವಿಗಳು. ನಾಲ್ಕೂ ಕಡೆ ಉಪ್ಪು ನೀರು, ನಡುವೆ ಸಿಹಿನೀರು. ಕೋಟೆಯಲ್ಲಿ ಇಂದಿಗೂ ಕೆಲವು ಮನೆಗಳವರು ವಾಸವಾಗಿದ್ದಾರೆ, ಆ ನೀರಿನ ಬಲದಿಂದ. ಅಪ್ಪ ದಹೀಬಾವಿಯ ಕಟ್ಟೆಯ ಮೇಲೆ ಕೂತು “ಜಾಗ ಗುರುತು ಮಾಡಿದವ್ನ ಭಾಳ ಶಾಣ್ಯಾ” ಎಂದರು. ಕೋಟೆ ಕಟ್ಟಿದವನ ಬಗ್ಗೆ ಅವರು ಏನೂ ಹೇಳಲಿಲ್ಲ.

ಇನ್ನು ಆ ತಾಯಿಯ ಮಾತಿಗೆ ಬರುತ್ತೇನೆ.

2017ರ ಏಪ್ರಿಲ್ 15, ಶನಿವಾರ. ಬೆಳಗಾವಿಯ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ಪ್ರವಾಸಕ್ಕೆ ಬಂದವರಲ್ಲಿ ಎಂಟು ಜನ ಮಾಲವಣದ ವಾಯರಿ ದಂಡೆಯಲ್ಲಿ ಮುಳುಗಿ ಸತ್ತರು. ನಮ್ಮ ಜಿಲ್ಲೆಯವರು, ನಮ್ಮಂಥ ಮನೆಗಳ ಮಕ್ಕಳು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ತೀರಿಕೊಂಡರು. ಅದು ಶಾಲೆಯ ಪ್ರವಾಸವೇ ಆಗಿತ್ತು. ಆ ತಾಯಿ ಟಿವಿಯಲ್ಲಿ ನೋಡಿದ್ದು ಇದನ್ನೇ. ಇದನ್ನು ಬದಿಗಿಟ್ಟು ಸೂರ್ಯಾಸ್ತದ ಚಂದದ ಮಾತು ಆಡಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಕಡೆಯವರಿಗೆ ಒಂದು ಬೇರೆ ಅಪಾಯವಿದೆ. ನಾವು ನೀರು ಕಂಡವರು. ಬೆನ್ನಿಗೆ ಎಣ್ಣೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತವರು, ಹೊಳೆಯನ್ನು ಆಚೆ ದಂಡೆಗೆ ದಾಟಿದವರು. ಅದಕ್ಕೇ ಸಮುದ್ರ ಕಂಡ ಕೂಡಲೆ ‘ನನಗ ಈಸಾಕ ಬರ್ತೈತಿ’ ಎಂದು ಅಂಗಿ ಬಿಚ್ಚುತ್ತೇವೆ. ಬಾವಿಯ ನೀರು ನಿಂತ ನೀರು. ಹೊಳೆಯಲ್ಲಿ ಸೆಳವು ಇದೆ, ಆದರೆ ಅದು ದಂಡೆಯ ಗುಂಟ ಹರಿಯುತ್ತದೆ. ಕೈ ಸೋತರೆ ಒಂದು ಫರ್ಲಾಂಗು ಕೆಳಗೆ ಎಲ್ಲಾದರೂ ದಂಡೆ ಸಿಗುತ್ತದೆ. ಸಮುದ್ರದ ಸೆಳವು ದಂಡೆಯಿಂದ ಒಳಕ್ಕೆ ಹರಿಯುತ್ತದೆ, ಅದಕ್ಕೆ ಆಚೆ ದಂಡೆ ಎಂಬುದಿಲ್ಲ.

ಅದು ಹೇಗೆ ಆಗುತ್ತದೆ ಎಂದು ಮಕ್ಕಳಿಗೆ ಹೇಳುತ್ತೇನೆ, ನಿಮ್ಮ ಹೊಲವನ್ನೇ ನೆನೆಯಿರಿ. ಮಡಿಗೆ ನೀರು ಬಿಟ್ಟಿದ್ದೀರಿ, ಸುತ್ತ ಒಡ್ಡು. ನೀರು ತುಂಬಿ ಒಡ್ಡು ಒಂದು ಕಡೆ ಒಡೆಯಿತು ಅನ್ನಿ. ಆಗ ಮಡಿಯ ನೀರೆಲ್ಲ ಆ ಒಂದೇ ಕಂಡಿಯಿಂದ ರಭಸದಿಂದ ಹೊರಗೆ ಓಡುತ್ತದೆ. ಸಮುದ್ರದ ದಂಡೆಯ ಹತ್ತಿರ ನೀರಿನ ಕೆಳಗೂ ಉಸುಕಿನ ಒಡ್ಡು ಇರುತ್ತದೆ. ತೆರೆಗಳು ಒಂದರ ಹಿಂದೊಂದು ಬಂದು ಒಡ್ಡಿನ ಈಚೆ ನೀರು ಚೆಲ್ಲುತ್ತವೆ. ಆ ನೀರು ವಾಪಸು ಹೋಗಲೇಬೇಕು. ಒಡ್ಡು ತಗ್ಗಿರುವಲ್ಲಿ ಒಟ್ಟಾಗಿ ನುಗ್ಗುತ್ತದೆ. ಆ ಕಂಡಿಯ ನೇರಕ್ಕೆ ನಿಂತವರ ಕಾಲ ಕೆಳಗಿನ ಉಸುಕು ಜಾರುತ್ತದೆ. ಒಂದು ಮೋಸ ಏನೆಂದರೆ, ಸೆಳವು ಇರುವಲ್ಲಿ ನೀರು ಆಳ, ಅಲ್ಲಿ ತೆರೆ ಒಡೆಯುವುದಿಲ್ಲ. ಎರಡೂ ಮಗ್ಗುಲಲ್ಲಿ ಬಿಳಿ ನೊರೆ, ನಡುವೆ ಶಾಂತ ನೀರಿನ ಪಟ್ಟಿ. ತಿಳಿಯದವರು ‘ಇಲ್ಲಿ ಶಾಂತ ಐತಿ’ ಎಂದು ಅಲ್ಲೇ ಇಳಿಯುತ್ತಾರೆ. ಸೆಳವು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದರ ಎದುರು ದಂಡೆಯ ಕಡೆಗೆ ಈಸಿದವರು ದಣಿದು ಮುಳುಗುತ್ತಾರೆ. ಕಂಡಿ ಅಗಲವಲ್ಲ, ದಂಡೆಯ ಗುಂಟ ಅಡ್ಡಕ್ಕೆ ಹೋದರೆ ತಪ್ಪಿಸಿಕೊಳ್ಳಬಹುದು. ಈಸು ಬಾರದವರು ತೇಲಿ ಕೈ ಎತ್ತಬೇಕು. ದಂಡೆಯ ಮೇಲಿದ್ದವರು ಕೈ ಕೈ ಹಿಡಿದು ಸಾಲಾಗಿ ಇಳಿಯಬಾರದು, ಹಗ್ಗವೋ ಖಾಲಿ ಕ್ಯಾನೋ ಎಸೆಯಬೇಕು. ಒಬ್ಬನನ್ನು ಹಿಡಿಯಲು ಹೋಗಿ ನಾಲ್ಕು ಜನ ಹೋಗುವುದು ಹೀಗೆಯೇ.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲು ತಾರ್ಕರ್ಲಿಯ ದಂಡೆಯಲ್ಲಿ ಒಬ್ಬ ಮುದುಕರಿಂದ ಕಲಿತೆ. ತಾರ್ಕರ್ಲಿ ಮಾಲವಣದ ದಕ್ಷಿಣಕ್ಕೆ, ಬಿಳಿ ಉಸುಕಿನ ಊರು. ಅವರು ಬಲೆ ಹೊಲಿಯುತ್ತ ಕೂತಿದ್ದರು. ಕೆಎ 23 ನಂಬರಿನ ಒಂದು ಕ್ರೂಸರ್ ಬಂತು. ಕೆಎ 23 ನೋಡಿ ನನಗೆ ಸಹಜವಾಗಿ ಖುಷಿ. ಏಳೆಂಟು ಹುಡುಗರು ಇಳಿದು ಕೇಕೆ ಹಾಕುತ್ತ ನೀರಿಗೆ ಓಡಿದರು. ಮುದುಕರು ಎದ್ದು ನಿಂತು ಕೂಗಿದರು. ತೆರೆಯ ಸದ್ದು, ಮೇಲಾಗಿ ಮಾಲವಣಿ ಮಾತು. ಹುಡುಗರು ಕೈ ಬೀಸಿ ಇನ್ನೂ ಮುಂದೆ ಹೋದರು. ನಾನು ಓಡಿ ಹೋಗಿ ನಮ್ಮ ಭಾಷೆಯಲ್ಲಿ ಕೂಗಿದೆ, “ಏ ತಮ್ಮಾ, ಹೊರಗ ಬರ್ರೋ! ಅಲ್ಲೆ ಸೆಳವು ಐತಿ ಅಂತ ಹೇಳಾಕತ್ತಾರ ಅಜ್ಜಾರು!” ಸೆಳವು ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೆ ಇಬ್ಬರು ತಿರುಗಿ ನೋಡಿದರು. ಹೊಳೆ ದಂಡೆಯ ಹುಡುಗರೇ ಇರಬೇಕು. ಉಳಿದವರನ್ನೂ ಎಳೆದುಕೊಂಡು ಬಂದರು. ಮುದುಕರು ಬೈಯಲಿಲ್ಲ. ಅವರನ್ನು ಕೂಡಿಸಿ, ಉಸುಕಿನ ಮೇಲೆ ಬೆರಳಿನಿಂದ ಒಡ್ಡು, ಕಂಡಿ, ತೆರೆ ಎಲ್ಲ ಬರೆದು ತೋರಿಸಿದರು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಒಬ್ಬ ಹುಡುಗ “ನಮ್ಮಲ್ಲೆ ಮಡುವಿನ ಕಡೆ ಹೋಗಬ್ಯಾಡ ಅಂತಾರಲ್ಲ, ಹಂಗ ಇದು” ಎಂದ. ಅವನು ಹೇಳಿದ್ದು ಸರಿ. ನಮ್ಮ ಹೊಳೆಯಲ್ಲಿ ಮಡು ಎಲ್ಲಿದೆ, ಸುಳಿ ಎಲ್ಲಿ, ಮೊಸಳೆ ಯಾವ ದಂಡೆಗೆ ಬಿಸಿಲು ಕಾಯುತ್ತದೆ ಎಂದು ನಮಗೆ ಗೊತ್ತು, ಬೇರೆ ಊರಿಂದ ಬಂದವನಿಗೆ ಗೊತ್ತಿಲ್ಲ. ಅಲ್ಲಿ ಆ ಬೇರೆ ಊರಿನವರು ನಾವು.

ಆ ಮುದುಕರು ಇನ್ನೊಂದು ಲೆಕ್ಕ ಹೇಳಿಕೊಟ್ಟರು. ಅದನ್ನು ಗಣಿತದ ಅಕ್ಕೋರು ತರಗತಿಯಲ್ಲಿ ಮಾಡಿಸಬಹುದು. ಪಾಡ್ಯದಿಂದ ಎಣಿಸಿ ಅಂದಿನ ತಿಥಿ ಎಷ್ಟೋ ಅದನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಬೇಕು. ಸಮುದ್ರ ತುಂಬುವ ಹೊತ್ತು ಸಿಗುತ್ತದೆ. ಅಷ್ಟಮಿಯಾದರೆ ಎಂಟು ಮೂರಲೆ ಇಪ್ಪತ್ನಾಲ್ಕು, ನಾಲ್ಕರಿಂದ ಭಾಗಿಸಿದರೆ ಆರು. ಬೆಳಗ್ಗೆ ಸಂಜೆ ಆರರ ಸುಮಾರಿಗೆ ಭರತಿ, ನಡುವೆ ಇಳಿತ. ಹುಣ್ಣಿಮೆಗೆ ಹನ್ನೊಂದೂಕಾಲು. ನಾನು ಮೊಬೈಲಿನ ಆ್ಯಪ್ ತೆರೆದು ಹೋಲಿಸಿ ನೋಡಿದೆ, ಅರ್ಧ ತಾಸಿನ ವ್ಯತ್ಯಾಸ ಅಷ್ಟೇ. ಹುಣ್ಣಿಮೆ ಅಮಾವಾಸ್ಯೆಗೆ ಭರತಿ ದೊಡ್ಡದು, ಅಷ್ಟಮಿಯ ಆಸುಪಾಸು ಸಣ್ಣದು. ಹಾಗಾಗಿ ಪ್ರವಾಸದ ದಿನ ಗೊತ್ತು ಮಾಡುವಾಗ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ಅಷ್ಟಮಿಯ ಹತ್ತಿರದ ದಿನ ಹಿಡಿಯಿರಿ. ನಡು ಹಗಲಿನ ಇಳಿತದಲ್ಲಿ ಮಾಲವಣದ ರಾಕ್ ಗಾರ್ಡನ್ ಎಂಬ ಬಂಡೆಗಳ ನಡುವೆ ಸಣ್ಣ ಸಣ್ಣ ನೀರಿನ ಗುಂಡಿಗಳು ತೆರೆದುಕೊಳ್ಳುತ್ತವೆ. ಅವುಗಳಲ್ಲಿ ಏಡಿ, ಮರಿ ಮೀನು, ಹವಳದ ತುಣುಕು ಎಲ್ಲ ಕಾಣುತ್ತವೆ. ಯಾವ ಟಿಕೆಟ್ಟೂ ಇಲ್ಲದೆ, ಪಾದ ಮಾತ್ರ ತೋಯಿಸಿಕೊಂಡು ವಿಜ್ಞಾನದ ಒಂದು ಅಧ್ಯಾಯ. ಕಿತ್ತು ಚೀಲಕ್ಕೆ ಹಾಕಿಕೊಳ್ಳುವ ಹಾಗಿಲ್ಲ. ಮಾಲವಣದ ಸಮುದ್ರದಲ್ಲಿ 29 ಚದರ ಕಿಲೋಮೀಟರ್ 1987ರಿಂದ ಕಡಲ ಅಭಯಾರಣ್ಯ.

ಸ್ಕೂಬಾ, ಸ್ನಾರ್ಕಲಿಂಗ್ ಬಗ್ಗೆ ಮಕ್ಕಳು ಕೇಳೇ ಕೇಳುತ್ತೀರಿ. ಅದಕ್ಕಾಗಿಯೇ ಮಾಲವಣ ಈಗ ಹೆಸರುವಾಸಿ. ನಾನು ಮಾಡಿದ್ದೇನೆ, ನೀರಿನ ಕೆಳಗೆ ಹವಳದ ಮೇಲೆ ಹಳದಿ ಪಟ್ಟೆಯ ಮೀನುಗಳ ಹಿಂಡು ಮುಖದ ಮುಂದೆಯೇ ತಿರುಗುತ್ತದೆ, ಚಂದವೇ. ಆದರೆ ಶಾಲೆಯ ಪ್ರವಾಸದಲ್ಲಿ ಅದು ಬೇಡ. 2022ರ ಮೇ ತಿಂಗಳಲ್ಲಿ ತಾರ್ಕರ್ಲಿಯ ಹತ್ತಿರ ಸ್ಕೂಬಾ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಇಬ್ಬರು ಸತ್ತಿದ್ದಾರೆ. ದೊಡ್ಡವರಾಗಿ ನಿಮ್ಮ ದುಡ್ಡಿನಲ್ಲಿ, ಲೈಸೆನ್ಸ್ ಇದ್ದವರ ಕಡೆ ಹೋಗಿ ಮಾಡಿರಿ.

ಇನ್ನು ಊಟ. ನಿನ್ನೆ ಸಭೆ ಮುಗಿದ ಮೇಲೆ ಒಬ್ಬ ಹಿರಿಯರು ನನ್ನ ಕಿವಿಯಲ್ಲಿ ಕೇಳಿದರು, “ನಮ್ಮ ಹುಡುಗೋರು ಜೈನರು, ಲಿಂಗಾಯತರು. ಮೀನದ ಊರಾಗ ಉಪಾಸ ಕೂಡೂದೇನ?” ಕೂಡಬೇಕಾಗಿಲ್ಲ. ಅಕ್ಕಿ ಹಿಟ್ಟಿನ ಘಾವಣೆ, ತೆಂಗಿನ ಚಟ್ನಿ, ಕರಿ ವಟಾಣಿಯ ಉಸಳಿ, ಅನ್ನ, ಕೋಕಮ್ಮಿಗೆ ತೆಂಗಿನ ಹಾಲು ಹಾಕಿದ ಸೋಲಕಢಿ. ಮುಂಚೆ ಹೇಳಿದರೆ ಬೆಳ್ಳುಳ್ಳಿ ಇಲ್ಲದೆಯೂ ಮಾಡಿಕೊಡುವ ಮನೆಗಳಿವೆ, ನನ್ನ ಅವ್ವ ಎರಡು ದಿನ ಅಲ್ಲಿ ಉಂಡು ಬಂದವರು. ವಾಸನೆಗೆ ಮೊದಲ ತಾಸು ಮೂಗು ಮುಚ್ಚಿಕೊಂಡರು. ಆಮೇಲೆ ಪಕ್ಕದ ಮನೆಯ ಹೆಂಗಸಿನ ಜೊತೆ ಮೀನಿನ ದರ ವಿಚಾರಿಸುತ್ತ ಕೂತಿದ್ದರು, ಅವರು ಕೊಳ್ಳುವವರೂ ಅಲ್ಲ, ತಿನ್ನುವವರೂ ಅಲ್ಲ.

ಕಡೆಗೆ ಹುಡುಗಿಯರ ಮಾತು. ‘ಹಂಗಾರ ಬರೀ ಹುಡುಗರನ್ನ ಒಯ್ಯಿರಿ’ ಎಂದು ನಿನ್ನೆ ಯಾರೋ ಹೇಳಿದರು. ಅದಕ್ಕೆ ನನ್ನ ಪೂರ್ತಿ ವಿರೋಧ. ಈ ಊರಿನಲ್ಲಿ ನನ್ನ ವಯಸ್ಸಿನ ಹುಡುಗರಿಗೆಲ್ಲ ಈಸು ಬರುತ್ತದೆ, ನನ್ನ ಜೊತೆ ಓದಿದ ಹುಡುಗಿಯರಲ್ಲಿ ಒಬ್ಬರಿಗೂ ಬರುವುದಿಲ್ಲ. ಬಾವಿಯ ಕಡೆ ಅವರನ್ನು ನೀರು ಸೇದಲು ಕಳಿಸಿದೆವು, ಇಳಿಯಲು ಬಿಡಲಿಲ್ಲ. ಈಗ ಬಾವಿಗಳೂ ಮುಚ್ಚುತ್ತಿವೆ, ಹುಡುಗರೂ ಕಲಿಯುತ್ತಿಲ್ಲ. ನಮ್ಮ ದೇಶದಲ್ಲಿ ಪ್ರತಿ ವರ್ಷ 30,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಎಲ್ಲರೂ ಸಮುದ್ರದಲ್ಲಲ್ಲ, ಬಹುಪಾಲು ಇಂಥ ಊರುಗಳ ಕೆರೆ, ಕಾಲುವೆ, ಹೊಳೆ, ಬಾವಿಗಳಲ್ಲಿ. ಮಗಳನ್ನು ಸಮುದ್ರಕ್ಕೆ ಕಳಿಸದಿದ್ದರೆ ನೀರಿನಿಂದ ಕಾಪಾಡಿದಂತಾಗುವುದಿಲ್ಲ, ನಮ್ಮ ಮನೆಯಿಂದ ನೂರು ಹೆಜ್ಜೆಗೆ ಹೊಳೆಯಿದೆ. ಮಾಲವಣದ ಚಿವಲಾ ದಂಡೆಯಲ್ಲಿ ಚಳಿಗಾಲದಲ್ಲಿ ಸಮುದ್ರದಲ್ಲೇ ರಾಜ್ಯಮಟ್ಟದ ಈಜು ಸ್ಪರ್ಧೆ ನಡೆಯುತ್ತದೆ. ಸಣ್ಣ ಹುಡುಗಿಯರಿಂದ ಹಿಡಿದು ಅಜ್ಜಂದಿರವರೆಗೆ ಸಾಲಾಗಿ ನೀರಿಗೆ ಇಳಿಯುತ್ತಾರೆ, ಪಕ್ಕದಲ್ಲಿ ಕಾವಲಿನ ದೋಣಿಗಳು ಇರುತ್ತವೆ. ನಮ್ಮ ಹುಡುಗಿಯರು ಅದನ್ನು ಒಮ್ಮೆ ಕಣ್ಣಾರೆ ನೋಡಲಿ ಎಂದು ನನಗೆ ಆಸೆ.

ಹೀಗಾಗಿ ನಿನ್ನೆ ರಾತ್ರಿ ನಾವು ಹತ್ತು ಜನ ಹಳೆಯ ವಿದ್ಯಾರ್ಥಿಗಳು ಕೂತು ಒಂದು ಕಾಗದ ಬರೆದಿದ್ದೇವೆ, ಹೆಡ್‌ಮಾಸ್ತರರ ಕೈಗೆ ಕೊಟ್ಟಿದ್ದೇವೆ. ಬಿಇಓ ಆಫೀಸಿನ ಲಿಖಿತ ಅನುಮತಿ ಮತ್ತು ಎಲ್ಲ ಮಕ್ಕಳ ವಿಮೆ ಆಗದ ಹೊರತು ಬಸ್ಸು ಹೊರಡುವುದಿಲ್ಲ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಅವರಲ್ಲಿ ಅರ್ಧದಷ್ಟು ಹೆಂಗಸರು. ಹೊರಡುವ ಹಿಂದಿನ ವಾರ ಸೆಳವಿನ ಪಾಠ ತರಗತಿಯಲ್ಲಿ ಆಗಬೇಕು, ಪಾಠಕ್ಕೆ ಬಾರದವರು ಪ್ರವಾಸಕ್ಕೂ ಇಲ್ಲ. ಅಲ್ಲಿ ಎರಡೂ ದಿನ ಸ್ಥಳೀಯ ಮೀನುಗಾರರೊಬ್ಬರನ್ನು ಸಂಬಳ ಕೊಟ್ಟು ಜೊತೆಗೆ ಇಟ್ಟುಕೊಳ್ಳುತ್ತೇವೆ, ನೀರಿನ ಹತ್ತಿರ ಅವರ ಮಾತೇ ಕಡೆಯ ಮಾತು, ಸರ್ ಇರಲಿ ಎಂಜಿನಿಯರ್ ಇರಲಿ. ಮೊಣಕಾಲಿನ ಮೇಲೆ ನೀರು ಬರುವಲ್ಲಿ ಯಾವ ಮಗುವೂ ಹೋಗುವಂತಿಲ್ಲ. ಕೋಟೆಯ ದೋಣಿಯಲ್ಲಿ ಲೈಫ್ ಜಾಕೆಟ್ ಎಲ್ಲರಿಗೂ, ಒಂದು ಕಡಿಮೆ ಬಿದ್ದರೂ ಆ ದೋಣಿ ಹತ್ತುವುದಿಲ್ಲ. ಬೀಚಿನಲ್ಲಿ ಅರ್ಧ ತಾಸಿಗೊಮ್ಮೆ ಸೀಟಿ, ಸೀಟಿಗೆ ಎಣಿಕೆ. ಎಣಿಸುವ ಕೆಲಸ ನಂದು, ನಾನು ರಜೆ ಹಾಕಿ ಬರುತ್ತೇನೆ.

ಆ ತಾಯಿ ಇವತ್ತೂ ಸಭೆಯಲ್ಲಿದ್ದಾರೆ, ನೋಡಿದೆ. ಅಕ್ಕಾ, ನೀವೂ ಬರ್ರಿ ಎಂದು ಕೇಳುತ್ತಿದ್ದೇನೆ. ಹೆಂಗಸರ ಪೈಕಿ ಇನ್ನೂ ಮೂರು ಜಾಗ ಖಾಲಿ ಇವೆ, ಖರ್ಚು ಸಂಘದ್ದು. ಹೆಸರು ಕೊಡುವವರು ಮಧ್ಯಾಹ್ನ ಊಟ ಆದ ಮೇಲೆ ಹತ್ತನೆಯ ‘ಬ’ ತರಗತಿಯ ಕೋಣೆಯಲ್ಲಿ ಹಿಂದಿಯ ಅಕ್ಕೋರ ಕಡೆ ಬರೆಸಬೇಕು. ಬಸ್ಸು ಶಾಲೆಯ ಮುಂದಿನಿಂದ ನಸುಕಿನ ನಾಲ್ಕಕ್ಕೆ ಹೊರಡುತ್ತದೆ, ರಾಧಾನಗರಿಯಲ್ಲಿ ಚಹಾ, ಘಾಟಿನ ಮೇಲೆ ಹದಿನೈದು ನಿಮಿಷ.